ಮೂಲಕ್ಕೆ ಎರಡು ಮಾರು ಕಡಿಮೆ

ವಿಜಾಪುರದ ಇಬ್ರಾಹಿಂಪುರ ಓಣಿಯ ಅಬ್ದುಲಸಮದನಿಗೆ ಮೂಲ ಇದೆ ಎಂಬ ಸುದ್ದಿ ಮೂರೇ ದಿನಗಳಲ್ಲಿ ರೈಲು ಹಳಿ ದಾಟಿ ಆಚೆ ಹೋಯಿತು. ಇದರಲ್ಲಿ ಮಂದಿಯ ತಪ್ಪೇನೂ ಇರಲಿಲ್ಲ. ಅವನೇ ಅದನ್ನು ಬೋರ್ಡಿನ ಮೇಲೆ ಬರೆಸಿ ಬಾಗಿಲಿಗೆ ತೂಗುಹಾಕಿದ್ದ.

ಸಮದ ಹದಿನಾರು ವರ್ಷ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ನಾಲ್ಕು ತಿಂಗಳು ತಿಕೋಟಾ, ನಾಲ್ಕು ತಿಂಗಳು ಬಬಲೇಶ್ವರ, ಮಳೆಗಾಲದಲ್ಲಿ ಮನೆ. ಡೇರೆ ಹರಿದು, ಮಾಲೀಕ ತೀರಿಕೊಂಡು ಟಾಕೀಸು ಮುಚ್ಚಿದಾಗ ಒಂದು ಸಣ್ಣ ಪ್ರೊಜೆಕ್ಟರು ಮತ್ತು ನಾಲ್ಕು ಡಬ್ಬಿಗಳಲ್ಲಿದ್ದ ಒಂದೇ ಒಂದು ಸಿನಿಮಾ ಅವನ ಪಾಲಿಗೆ ಬಂದವು. ಸಿನಿಮಾದ ಹೆಸರು ‘ಗುಮ್ಮಟದ ನೆರಳು’. ಇಪ್ಪತ್ತು ವರ್ಷದ ಹಿಂದೆ ಈ ಸೀಮೆಯಲ್ಲಿಯೇ ತೆಗೆದದ್ದು. ಮದುವೆ ಇರಲಿ, ತೊಟ್ಟಿಲು ಶಾಸ್ತ್ರ ಇರಲಿ, ಕರೆದವರ ಮನೆಗೆ ಹೋಗಿ ಗೋಡೆಗೆ ಚಾದರ ಕಟ್ಟಿ ಅದನ್ನು ತೋರಿಸಿ ಬರುವುದು ಸಮದನ ಉದ್ಯೋಗವಾಯಿತು.

ಅಷ್ಟರಲ್ಲಿ ಅಥಣಿ ರಸ್ತೆಯ ಯಾಕೂಬ ಅದೇ ಸಿನಿಮಾದ ಹೊಸ ಕಾಪಿ ತಂದ. ಹೊಸ ಕಾಪಿ ಮಾಡಿದವರು ಹಳೆಯ ಸದ್ದನ್ನೆಲ್ಲ ಒರೆಸಿ ಪಿಟೀಲು ತುಂಬಿದ್ದರು. ಮೇಲಷ್ಟು, ಕೆಳಗಷ್ಟು ಕತ್ತರಿಸಿ ಚಿತ್ರವನ್ನು ಅಗಲ ಮಾಡಿದ್ದರು. ಚಾದರದ ಈ ಅಂಚಿನಿಂದ ಆ ಅಂಚಿನವರೆಗೂ ಸಿನಿಮಾ ತುಂಬಿಕೊಳ್ಳುತ್ತಿತ್ತು. ಮಂದಿ ಯಾಕೂಬನ ಕಡೆ ಹೊರಳಿದರು.

ಸಮದ ಕ್ಷೌರದ ಅಂಗಡಿಯಲ್ಲಿ ತನ್ನ ಸರದಿಗೆ ಕಾಯುತ್ತ ಪೇಪರು ಓದಿದ. ‘ಹಳೆಯ ಚಿತ್ರಗಳ ಮೂಲ ಬಿಂಬವನ್ನೂ ಮೂಲ ಧ್ವನಿಯನ್ನೂ ಉಳಿಸಿಕೊಳ್ಳುವುದು ನಮ್ಮ ಕರ್ತವ್ಯ’ ಎಂದು ಯಾರೋ ದೊಡ್ಡವರು ಬರೆದಿದ್ದರು. ಬಿಂಬ ಅವನಿಗೆ ತಿಳಿಯಲಿಲ್ಲ. ಮೂಲ ಮಾತ್ರ ನಾಲಿಗೆಗೆ ಹತ್ತಿತು. ಆ ದಿನ ಅವನು ಕ್ಷೌರವನ್ನೂ ಮಾಡಿಸಿಕೊಳ್ಳದೆ ಮನೆಗೆ ಬಂದ.

“ಅಸಲಿ ಅಂತ ಬರಸ್ರಿ. ಮಂದಿಗೆ ತಿಳೀತೈತಿ,” ಎಂದಳು ಹೆಂಡತಿ ಸಬೀರಾ.

“ಅಸಲಿ ಅಂದ್ರ ತುಪ್ಪದ ಅಂಗಡಿ ಆಗತೈತಿ. ಮೂಲ ಅಂದ್ರ ಅದರ ವಜನ ಬ್ಯಾರೆ.”

ಬೋರ್ಡು ಬರೆಯುವ ಬಾಬು ಆ ತೂಕಕ್ಕೆ ತಕ್ಕಂತೆ ‘ಮೂಲ’ವನ್ನು ಮೊಳದುದ್ದ ಬರೆದ. ಅದರ ಮುಂದೆ ‘ಚಿತ್ರ’ ಎಂಬುದಕ್ಕೆ ಜಾಗ ಉಳಿಯಲಿಲ್ಲ. “ಪ್ರೊಜೆಕ್ಟರು ಬಿಡಿಸೇನಲ್ಲ, ಗೊತ್ತಾಗತೈತಿ ಬಿಡು,” ಎಂದ. ಅವನು ಬಿಡಿಸಿದ ಪ್ರೊಜೆಕ್ಟರು ಸರಕಾರಿ ದವಾಖಾನೆಯ ಯಾವುದೋ ಯಂತ್ರದ ಹಾಗಿತ್ತು. ಬೋರ್ಡು ಹೀಗೆ ತೂಗಿತು:

ಸಂಪೂರ್ಣ ಮೂಲ
ಕತ್ತರಿಸಿಲ್ಲ, ಕೊಯ್ದಿಲ್ಲ
ಮನೆಗೇ ಬಂದು ತೋರಿಸಲಾಗುವುದು
ಅಬ್ದುಲಸಮದ

ಮೊದಲು ಬಂದವಳು ತಿಪ್ಪವ್ವ. ಗೋಡೆಗೆ ಗೋಡೆ ಹತ್ತಿದ ಮನೆಯವಳು. ಒಂದು ತಂಬಿಗೆ ಮಜ್ಜಿಗೆ ತಂದಿದ್ದಳು.

“ಕುಡಿ ತಮ್ಮಾ. ಖಾರ ಬಿಡು. ಬದನೀಕಾಯಿ ಕಡೆ ಕಣ್ಣೆತ್ತಿ ನೋಡಬ್ಯಾಡ.”

“ಯಾಕವ್ವಾ?”

“ಬೋರ್ಡ ಹಾಕಿ ಊರಿಗೆಲ್ಲ ಹೇಳಿ, ಈಗ ನನ್ನ ಮುಂದ ನಾಚಗೊಂಡ್ರ ಹೆಂಗ? ಎಷ್ಟ ವರ್ಷದ್ದು?”

ಬೋರ್ಡು ಫಲ ಕೊಡತೊಡಗಿತೆಂದು ಸಮದನಿಗೆ ಹಿಗ್ಗಾಯಿತು. “ಇಪ್ಪತ್ತು ವರ್ಷದ್ದು, ತಿಪ್ಪವ್ವಾ. ಇಂಥಾದ್ದು ಈ ಜಿಲ್ಲಾದಾಗ ಮತ್ಯಾರ ಹತ್ರನೂ ಇಲ್ಲ. ಬೇಕಂದ್ರ ನಿಮ್ಮ ಮನಿಗೂ ಬಂದು ತೋರಸ್ತೇನಿ.”

ತಿಪ್ಪವ್ವ ಖಾಲಿ ತಂಬಿಗೆ ತೆಗೆದುಕೊಂಡಳು. “ದೊಡ್ಡಸ್ತನಕ್ಕೂ ಒಂದು ಮಿತಿ ಇರಬೇಕಪ್ಪಾ,” ಎಂದು ಹೋದಳು.

ಶುಕ್ರವಾರ ಬಬಲೇಶ್ವರದಿಂದ ಸಬೀರಾಳ ಅಣ್ಣ ಅಲ್ಲಾಉದ್ದೀನ ಬಂದ. ಸಾವಿನ ಮನೆಗೆ ಬಂದವನ ಹಾಗೆ ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು ಒಳಗೆ ಬಂದು, ಚೀಲದಿಂದ ಹೊಸ ಬಟ್ಟೆಯ ಒಂದು ದಪ್ಪ ಸಿಂಬಿ ತೆಗೆದ. ಹೆಂಗಸರು ಕೊಡದ ಕೆಳಗೆ ತಲೆಯ ಮೇಲೆ ಇಟ್ಟುಕೊಳ್ಳುವಂಥದೇ, ಆದರೆ ಇದು ನಾಲ್ಕು ಪಟ್ಟು ದೊಡ್ಡದು. ಒಳಗೆ ಹತ್ತಿ ತುಂಬಿಸಿ ಹೊಲಿಸಿದ್ದ.

“ಕೂಡ್ರಿ ಭಾವಾ. ಇದರ ಮ್ಯಾಲೆ ಕೂಡ್ರಿ. ನಡು ಜಾಗಾ ಖಾಲಿ ಬಿಡಸೇನಿ.”

ಸಮದ ಕೂತ. ಮೆತ್ತಗಿತ್ತು.

“ನಮ್ಮೂರಾಗ ಒಬ್ಬ ಹಕೀಮ ಅದಾನ. ದಾರ ಕಟ್ಟತಾನ. ಎಂಟ ದಿನದಾಗ ತಾನ ಉದರತೈತಿ.”

“ಏನು ಉದರತೈತಿ?”

“ಮೂಲ.”

ಸಮದ ಸಿಟ್ಟಿಗೆದ್ದ. “ಉದರಾಕ ಅದೇನ ಬಾರೀಹಣ್ಣ? ಜೀವದಂಗ ಜ್ವಾಕಿ ಮಾಡೇನಿ ನಾ ಅದನ್ನ. ಶೆಕಿ ತಾಗಬಾರದಂತ ಗಾಳಿಗೆ ಇಡತೇನಿ. ವಾರಕ್ಕೊಮ್ಮಿ ಮೆತ್ತನ್ನ ಅರಿವೀಲೆ ಒರಸ್ತೇನಿ. ಅದನ್ನ ಕಳಕೊಂಡ್ರ ನನ್ನ ಹತ್ರ ಏನ ಉಳೀತು?”

ಅಲ್ಲಾಉದ್ದೀನ ತಂಗಿಯ ಮುಖ ನೋಡಿದ. ರೋಗ ತಲೆಗೇರಿದೆ ಎಂದು ಅವನಿಗೆ ಖಾತ್ರಿಯಾಯಿತು. ಸಬೀರಾಳಿಗೆ ಎಲ್ಲ ತಿಳಿದದ್ದು ಆಗಲೇ. ಆದರೆ ಅವಳು ಹೇಳಲಿಲ್ಲ. ಅಸಲಿ ಅಂತ ಬರೆಸಿರಿ ಎಂದಾಗ ಕೇಳದ ಗಂಡ ಇನ್ನೆರಡು ದಿನ ಸಿಂಬಿಯ ಮೇಲೆ ಕೂತಿರಲಿ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಸೋಮವಾರ ಒಬ್ಬ ಆರೋಗ್ಯ ಅಧಿಕಾರಿ ಬಂದರು. ಪರವಾನಿಗೆ ಇಲ್ಲದ ವೈದ್ಯನೊಬ್ಬ ಮನೆಮನೆಗೆ ಹೋಗುತ್ತಿದ್ದಾನೆಂದು ಅರ್ಜಿ ಬಂದಿತ್ತಂತೆ. ಬಾಗಿಲಿನ ಬೋರ್ಡನ್ನು ಎರಡು ಸಲ ಓದಿ, ನಿಂತಲ್ಲಿಯೇ ವರದಿ ಬರೆಯುವ ವಹಿ ತೆರೆದರು.

“ಇಲ್ಲೀತನಕ ಎಷ್ಟ ಮಂದಿಗೆ ತೋರಿಸೀರಿ?”

“ಲೆಕ್ಕ ಇಲ್ರಿ ಸಾಹೇಬ್ರ. ಹೆಂಗಸರು, ಮಕ್ಕಳು, ಎಲ್ಲಾರೂ ನೋಡ್ಯಾರ.”

“ಹೆಂಗಸರು ಮಕ್ಕಳು. ನಾಚಿಕಿ ಆಗೂದಿಲ್ಲೇನು ನಿಮಗ?”

“ಯಾಕ್ರಿ? ಮನಿ ಮಂದೆಲ್ಲ ಕೂಡಿ ನೋಡೂವಂಥಾದ್ದ ಐತ್ರಿ.”

ಅಧಿಕಾರಿಗಳು ಪೆನ್ನು ಝಾಡಿಸಿ ಬರೆದರು. “ಎಷ್ಟ ಹೊತ್ತು ತೋರಸ್ತೀರಿ?”

“ಎರಡು ತಾಸು ನಲವತ್ತು ಮಿನಿಟು. ನಡುವ ವಿಶ್ರಾಂತಿ ಇರತೈತ್ರಿ. ಮಂದಿ ಚಾ ಕುಡೀತಾರ.”

“ಬಯಲಿನಾಗೋ, ಒಳಗೋ?”

“ಕತ್ತಲ ಬೇಕ್ರಿ. ಬೆಳಕಿನ್ಯಾಗ ಚಂದ ಕಾಣೂದಿಲ್ಲ.”

ಅವರು ವಹಿ ಮುಚ್ಚಿದರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ತಪ್ಪೊಪ್ಪಿಗೆ ಅವರು ಕೇಳಿರಲಿಲ್ಲ. ಕೊನೆಗೆ ಸಬೀರಾ ನಾಲ್ಕು ಡಬ್ಬಿಗಳನ್ನು ತಂದು ಅವರ ಮುಂದೆ ಇಟ್ಟಳು. “ಮೂಲ ಅಂದ್ರ ಇದು ನೋಡ್ರಿ,” ಎಂದಳು. ಅಧಿಕಾರಿಗಳು ಬರೆದದ್ದನ್ನೆಲ್ಲ ಹೊಡೆದುಹಾಕಲು ಎರಡು ಪುಟ ತಿರುವಬೇಕಾಯಿತು. ಇವತ್ತೇ ಬೋರ್ಡು ತೆಗೆಯಬೇಕೆಂದು ಹೇಳಿ ಹೋದರು.

ಸಮದನಿಗೆ ಮಜ್ಜಿಗೆ, ಸಿಂಬಿ, ಹಕೀಮ, ಎಲ್ಲವೂ ಒಮ್ಮೆಲೇ ತಿಳಿದವು. ಬೋರ್ಡನ್ನು ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಆ ಶಬ್ದವನ್ನು ಇನ್ನು ಜನ್ಮದಲ್ಲಿ ಆಡುವುದಿಲ್ಲ ಎಂದುಕೊಂಡ. ಆಗಲೇ ಕಂಬಳಿ ಹೊದ್ದ ಒಬ್ಬ ಗಂಡಸು ಬಾಗಿಲಲ್ಲಿ ನಿಂತ. ಕಾಲು ಮೊಳಕಾಲಿನವರೆಗೂ ಧೂಳಾಗಿತ್ತು.

“ಮೂಲ ಇರೂದು ಇಲ್ಲೇ ಏನ್ರಿ?”

“ಇಲ್ಲ.”

“ಬೋರ್ಡ ಐತಿ ಅಂದಿದ್ರು.”

“ನನಗ ಮೂಲ ಇಲ್ಲ. ಮೊದಲೂ ಇರಲಿಲ್ಲ. ನಮ್ಮಪ್ಪಗೂ ಇರಲಿಲ್ಲ.”

“ನಮ್ಮವ್ವಗ ಬೇಕಾಗಿತ್ರಿ.”

“ಅದನ್ನ ಯಾರರ ಬೇಡ್ತಾರೇನೋ ಮಾರಾಯಾ.”

“ವಯಸ್ಸಾಗೇತ್ರಿ. ಒಮ್ಮಿ ನೋಡಿ ಕಣ್ಣು ಮುಚ್ಚತೇನಿ ಅಂತಾಳ.”

“ದವಾಖಾನಿಗೆ ಕರಕೊಂಡ ಹೋಗಪಾ. ನನ್ನ ಬಿಡು.”

ಬಂದವನು ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬಂದ ದಾರಿಯಲ್ಲಿಯೇ ಹೋದ. ಸಮದನಿಗೆ ಸಮಾಧಾನವಾಯಿತು. ಆ ಸಮಾಧಾನ ಬಾಬು ಬರುವವರೆಗೆ, ಅಂದರೆ ಅರ್ಧ ತಾಸು, ಉಳಿಯಿತು.

“ಬೀರಣ್ಣ ಬಂದಿದ್ನಲ್ಲ. ಯಾವಾಗ ಹೋಗೂದಾತು ತಿಕೋಟಾಕ?” ಎಂದ ಬಾಬು.

“ಯಾವ ಬೀರಣ್ಣ?”

“ಕುರಿ ಅಮೋಘಿ ಮಗ. ಬಸ್ ಸ್ಟ್ಯಾಂಡಿನಾಗ ದಾರಿ ಕೇಳಿದ, ನಾನ ಕಳಿಸಿದೆ. ನಿನ್ನ ಸಿನಿಮಾದಾಗ ಕುರಿ ಹೊಡಕೊಂಡು ಹೋಗ್ತಾನಲ್ಲ, ಅಂವನೇ ಅಮೋಘಿ. ಶೂಟಿಂಗ ನಡದಾಗ ನಡುವ ಬಂದಿದ್ನಂತ, ಹಂಗ ಅಂವನ್ನ ಫಿಲ್ಮಿನ್ಯಾಗ ಹಿಡದಾರ. ಹೋದ ವರ್ಷ ತೀರಿಕೊಂಡ. ಮನ್ಯಾಗ ಒಂದು ಫೋಟೋ ಸುದ್ದಾ ಇಲ್ಲ. ಅಂವನ ಹೆಂಡ್ತಿ, ಮುದುಕಿ ಮಲಕವ್ವ, ಮೊನ್ನೆ ಬಬಲೇಶ್ವರದಾಗ ಒಂದು ಮದುವ್ಯಾಗ ಯಾಕೂಬನ ಕಾಪಿ ನೋಡಿದ್ಲಂತ. ಕುರಿ ಬಂದು ಹೋದ್ವು. ಅಮೋಘಿದು ಬರೇ ರುಮಾಲದ ತುದಿ ಕಂಡತಂತ, ಕೆಳಗಿಂದೆಲ್ಲ ಕತ್ತರಸ್ಯಾರಲ್ಲ. ದನಿ ಬರೂವಲ್ಲಿ ಪಿಟೀಲು ಬಂತಂತ. ‘ನನ್ನ ಗಂಡನ ಬಾಯಿ ಕಟ್ಯಾರ’ ಅಂತ ಊಟಾ ಬಿಟ್ಟು ಎದ್ದು ಬಂದಾಳ. ನಿನ್ನ ಹತ್ರ ಮೂಲ ಐತಿ ಅಂತ ನಾ ಹೇಳೇನಿ.”

ಸಮದ ಕೂತ. ಸಿಂಬಿಯ ಮೇಲೆಯೇ ಕೂತ, ಅದು ಅವನ ಗಮನಕ್ಕೆ ಬರಲಿಲ್ಲ. ಬಾಬು ಹೋದ ಮೇಲೆ ಸಬೀರಾಳನ್ನು ಕರೆದ.

“ಕುರಿ ನನ್ನ ಕಾಪಿಯಾಗೂ ಇಲ್ಲ,” ಎಂದ.

“ಸಂಪೂರ್ಣ ಅಂತ ಬರೆಸಿದ್ರಿ.”

“ಟಾಕೀಸ್ ಇದ್ದಾಗ ಆ ಜಾಗಾದಾಗ ಫಿಲ್ಮು ಮಷೀನಿನ್ಯಾಗ ಸಿಕ್ಕಿ ನಿಲ್ಲತಿತ್ತು. ಮಂದಿ ಸೀಟಿ ಹೊಡೀತಿದ್ರು. ‘ಕುರಿ ಕಥಿಗೇನೂ ಬೇಕಾಗಿಲ್ಲ, ತಗದ ಬಿಡು’ ಅಂದ ಮಾಲಕ. ಎರಡು ಮಾರು ಕೊಯ್ದೆ.”

“ಎಷ್ಟ ವರ್ಷ ಆತು?”

“ಹನ್ನೆರಡು.”

ಹನ್ನೆರಡು ವರ್ಷದಲ್ಲಿ ಆ ಎರಡು ಮಾರನ್ನು ಒಬ್ಬರೂ ಕೇಳಿರಲಿಲ್ಲ. ಯಾರೂ ಕೇಳದ್ದರಿಂದ ತನ್ನದು ಸಂಪೂರ್ಣ ಎಂದು ಅವನು ನಂಬಿದ್ದ. ನಂಬಿದ್ದನ್ನು ಬೋರ್ಡಿನ ಮೇಲೆ ಬರೆಸಿದ್ದ. ಬರೆದದ್ದು ಹೀಗೆ ಕಂಬಳಿ ಹೊದ್ದುಕೊಂಡು ಬಾಗಿಲಿಗೆ ಬಂದೀತೆಂದು ಅವನಿಗೆ ಅನಿಸಿರಲಿಲ್ಲ.

ಆಪರೇಟರುಗಳಿಗೆ ಒಂದು ಚಟ. ಕೊಯ್ದ ತುಂಡನ್ನು ಎಸೆಯುವುದಿಲ್ಲ. ಮಂಚದ ಕೆಳಗೆ ಒಂದು ಬಿಸ್ಕಿಟ್ ಡಬ್ಬಿ ಇತ್ತು. ಹದಿನಾರು ವರ್ಷದ ತುಂಡುಗಳು ಅದರಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದವು, ಯಾವುದಕ್ಕೂ ಹೆಸರಿಲ್ಲ. ಮರುದಿನ ಮುಂಜಾನೆ ಗಂಡ ಹೆಂಡತಿ ಕಿಡಕಿಯ ಹತ್ತಿರ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದರು. ಕುದುರೆ ಬಂತು. ಬಾವಿಗೆ ಇಳಿಯುವ ಹೆಂಗಸು ಬಂದಳು. ಅರ್ಧ ನಕ್ಕ ಮುಖ, ಯಾರಿಗೋ ಕೈ ಬೀಸುವ ಒಂದು ಕೂಸು, ಒಂದು ಲಾಂದ್ರ.

“ಇವನ್ನೆಲ್ಲ ಕೂಡಿಸಿದ್ರ ಒಂದು ಚಲೋ ಸಿನಿಮಾ ಆಗತೈತಿ,” ಎಂದಳು ಸಬೀರಾ. “ಕಥಿಗೆ ಬ್ಯಾಡಾದ್ದೆಲ್ಲ ಇದರಾಗ ಐತಿ.”

ಮಧ್ಯಾಹ್ನದ ಹೊತ್ತಿಗೆ ಕುರಿ ಸಿಕ್ಕವು. ಎರಡು ಮಾರು ಪಟ್ಟಿ. ಮೊದಲ ತುದಿಯಲ್ಲಿ ಒಂದು ಗೇಣಿನಷ್ಟು ಬರೀ ಧೂಳು, ಗೀರು, ಅಂಚಿನ ತೂತುಗಳು ಹರಿದಿದ್ದವು. ಆಮೇಲೆ ಧೂಳಿನಿಂದ ಕುರಿ, ಕುರಿಗಳ ಹಿಂದೆ, ಚೌಕದ ಕೆಳಮೂಲೆಯಲ್ಲಿ, ರುಮಾಲು ಸುತ್ತಿದ ಒಬ್ಬ ಮನುಷ್ಯ. ಬಾಯಿ ತೆರೆದಿದ್ದ.

“ಈ ಹರದದ್ದು ಕೊಯ್ದ ಬಿಡ್ರಿ,” ಎಂದಳು ಸಬೀರಾ. “ಅದರಾಗ ಅಂವ ಇನ್ನೂ ಬಂದೇ ಇಲ್ಲ.”

ಸಮದ ಕತ್ತರಿ ಎತ್ತಿದವನು ನಿಂತ. ಹನ್ನೆರಡು ವರ್ಷದ ಹಿಂದಿನ ಸಮದನಾಗಿದ್ದರೆ ನಿಲ್ಲುತ್ತಿರಲಿಲ್ಲ. “ಫಿಲ್ಮಿನ್ಯಾಗ ದನಿ ಮನಶ್ಯಾನ ಬಾಜೂಕ ಇರೂದಿಲ್ಲ,” ಎಂದ. “ಒಂದು ಗೇಣು ಮುಂದ ಇರತೈತಿ. ಮಷೀನಿನ್ಯಾಗ ಚಿತ್ರ ಓದೂ ಜಾಗಾ ಬ್ಯಾರೆ, ದನಿ ಓದೂ ಜಾಗಾ ಬ್ಯಾರೆ. ಅಂವ ಬಾಯಿ ತಗದದ್ದು ಇಲ್ಲಿ. ಮಾತು ಇರೂದು ಈ ಧೂಳಿನ ಬಾಜೂಕ. ಇದನ್ನ ಕೊಯ್ದ್ರ ಮನಶ್ಯಾ ಉಳೀತಾನ, ದನಿ ಹೋಗತೈತಿ.”

ಸಬೀರಾ ಆ ಗೇಣುದ್ದ ಧೂಳನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಒಂದು ಸಣ್ಣ ಗೆರೆ ನಡುಗುತ್ತ ಹೋಗಿತ್ತು. ಅವಳು ಕತ್ತರಿಯನ್ನು ತೆಗೆದು ಮೇಲಿನ ಗೂಡಿನಲ್ಲಿ ಇಟ್ಟಳು.

ಎರಡು ದಿನ ಸಮದ ಬೇರೆ ತುಂಡುಗಳ ಅಂಚು ಬಿಡಿಸಿ ಹರಿದ ತೂತುಗಳಿಗೆ ತೇಪೆ ಹಾಕಿದ. ಫಿಲ್ಮು ಅಂಟಿಸುವ ದ್ರಾವಣಕ್ಕೆ ಆ ಕಸಬಿನವರು ಸಿಮೆಂಟ್ ಅನ್ನುತ್ತಾರೆ. ಅದು ತೀರಿತ್ತು. ಊರೆಲ್ಲ ಹುಡುಕಾಡಿ ಬಂದ.

“ಏನ ಹುಡುಕಾಡಾಕತ್ತೀಯೋ ತಮ್ಮಾ?” ಗೋಡೆಯ ಆಚೆಯಿಂದ ತಿಪ್ಪವ್ವ ಕೇಳಿದಳು.

“ಸಿಮೆಂಟ, ತಿಪ್ಪವ್ವಾ. ಮೂಲಕ್ಕ ಹಚ್ಚಬೇಕಾಗೇತಿ.”

ಗೋಡೆಯ ಆಚೆ ತಂಬಿಗೆ ನೆಲಕ್ಕೆ ಬಿದ್ದ ಸಪ್ಪಳ ಬಂತು.

ಕೊನೆಗೆ ಒಂದು ಹಳೆಯ ಬಾಟಲಿಯ ತಳದಲ್ಲಿ ಸಿಮೆಂಟ್ ಸಿಕ್ಕಿತು, ಸಮದ ಕುರಿಯ ಪಟ್ಟಿಯನ್ನು ಅದರ ಜಾಗಕ್ಕೆ ಅಂಟಿಸಿದ. ತಿಕೋಟಾ ಬಸ್ಸಿನ ಡ್ರೈವರನ ಕೈಯಲ್ಲಿ ಬೀರಣ್ಣನಿಗೆ ಹೇಳಿಕಳಿಸಿದ. ರವಿವಾರ ಪ್ರೊಜೆಕ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು, ಡಬ್ಬಿಗಳನ್ನು ಕಾಲಿನ ನಡುವೆ ಹಿಡಿದು, ಸಬೀರಾ ಬಲವಂತದಿಂದ ಕೊಟ್ಟ ಸಿಂಬಿಯ ಮೇಲೆ ಕೂತು ಹೋದ. ತೊರವಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಸಿಂಬಿ ಉಪಯೋಗಕ್ಕೆ ಬಂತು ಎಂಬುದನ್ನು ಅವನು ಅಲ್ಲಾಉದ್ದೀನನಿಗೆ ಎಂದೂ ಹೇಳಲಿಲ್ಲ.

ಬೀರಣ್ಣನ ಮನೆಯ ಪಡಸಾಲೆಯಲ್ಲಿ ನಡುಮಧ್ಯಾಹ್ನ ಕತ್ತಲಾಗಿತ್ತು. ಕಿಡಕಿ, ಬಾಗಿಲು, ಬೆಳಕಿಂಡಿಗೆಲ್ಲ ಕಂಬಳಿ ಕಟ್ಟಿದ್ದರು. ಒಳಗೆ ಕುರಿಯ ವಾಸನೆ, ಸೆಕೆ, ಐವತ್ತು ಮಂದಿ. ಎರಡು ಧೋತರ ಕೂಡಿಸಿ ಗೋಡೆಗೆ ಬಿಗಿದಿದ್ದರು. ಮಲಕವ್ವ ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತಿದ್ದಳು.

ಸಮದ ಕುರಿ ಇದ್ದ ಮೂರನೆಯ ಡಬ್ಬಿಯನ್ನೇ ಮೊದಲು ಹಾಕಿದ. ಚಿತ್ರ ಧೋತರದ ನಡುವೆ ಚೌಕವಾಗಿ ಬಿತ್ತು. ಕೂಡಲೇ ಹಿಂದಿನಿಂದ ತಕರಾರು ಬಂತು.

“ಆಜೂಬಾಜೂ ಮೊಳ ಮೊಳ ಖಾಲಿ ಬಿಟ್ಟಾನ ನೋಡ್ರಿ.”

“ಅರ್ಧಾ ಸಿನಿಮಾ ವಿಜಾಪುರದಾಗ ಬಿಟ್ಟು ಬಂದಾನ.”

“ಯಾಕೂಬ ಪೂರಾ ತುಂಬಸ್ತಾನ. ಇಂವಗ ಬರೂದಿಲ್ಲ.”

ಬೇರೆ ದಿನವಾಗಿದ್ದರೆ ಸಮದ ಮಂದಿಯ ಮಾತಿಗೆ ಪ್ರೊಜೆಕ್ಟರನ್ನು ಹಿಂದೆ ಸರಿಸುತ್ತಿದ್ದ. ತಲೆ, ಕಾಲು ಗೋಡೆಯ ಮೇಲೆ ಹೋದರೆ ಹೋಗಲಿ ಅನ್ನುತ್ತಿದ್ದ. ಇವತ್ತು ಮಷೀನಿನ ಮೇಲೆ ಕೈ ಇಟ್ಟುಕೊಂಡು ನಿಂತ.

“ತುಂಬಸಬೇಕಂದ್ರ ಮ್ಯಾಲಿಂದು ಕೆಳಗಿಂದು ಹೊರಗ ಹೋಗತೈತ್ರಿ. ಅಮೋಘಿ ಕೆಳಗ ಅದಾನ.”

“ಖಾಲಿ ಇರಲಿ,” ಎಂದ ಬೀರಣ್ಣ.

ಧೂಳು ಬಂತು. ಕುರಿ ಬಂದವು. ಅವುಗಳ ಹಿಂದೆ ಅಮೋಘಿ ಪೂರಾ ಬಂದ, ರುಮಾಲಿನಿಂದ ಹಿಡಿದು ಕೆರವಿನವರೆಗೆ. ಬಾಯಿ ತೆರೆದ. ಒಳಗಿನಿಂದ ಎಮ್ಮೆ ನರಳಿದಂಥ ದಪ್ಪ, ನಿಧಾನದ ಒಂದು ದನಿ ಹೊರಟಿತು.

ಮಲಕವ್ವ ತಿರುಗಿ ಸಮದನನ್ನು ನೋಡಿದಳು. “ಇಂವ ಯಾರು?” ಎಂದಳು. “ಇದು ಅಂವಂದಲ್ಲ.”

ಸಮದ ತಾನು ಹಾಕಿದ ತೇಪೆಯನ್ನೂ ಅಂಟನ್ನೂ ಮನಸ್ಸಿನಲ್ಲಿಯೇ ಎಣಿಸಿದ. ಆಗ ಬಲ್ಬು ಕೆಂಪಗಾಗಿ ನಡುಗುತ್ತಿರುವುದು ಕಂಡಿತು.

“ಕರೆಂಟ ಕಡಿಮಿ ಬರಾಕತ್ತೇತಿ. ಮಷೀನ ಸಾವಕಾಶ ತಿರಗತೈತಿ, ಅದಕ್ಕ ದನಿ ಎಳೀತೈತಿ. ಬಾಜೂಕ ಏನ ನಡದೈತಿ?”

ಪಕ್ಕದಲ್ಲಿ ಹುಚ್ಚವ್ವನ ಹಿಟ್ಟಿನ ಗಿರಣಿ ನಡೆದಿತ್ತು. ಅದನ್ನು ತುಸು ನಿಲ್ಲಿಸೆಂದು ಕೇಳಲು ಬೀರಣ್ಣ ಹೋದ. ಹುಚ್ಚವ್ವ ಇಡೀ ಪಡಸಾಲೆಗೆ ಕೇಳುವಂತೆ ಮಾತಾಡಿದಳು.

“ಸತ್ತಾವ ಮಾತಾಡ್ತಾನಂತ ಇದ್ದಾವರು ರೊಟ್ಟಿ ಬಿಡಬೇಕೇನೋ? ಬದಕಿದ್ದಾಗ ಎಷ್ಟ ಮಾತಾಡಿದ್ದ ನಿಮ್ಮಪ್ಪ? ವರ್ಷಕ್ಕ ಎರಡು ಮಾತು.”

ಆಮೇಲೆ ಗಿರಣಿಯ ಸದ್ದು ನಿಂತಿತು. ಮೊಳಕೈವರೆಗೂ ಹಿಟ್ಟಾಗಿದ್ದ ಹುಚ್ಚವ್ವ ತಾನೇ ಬಂದು ಕಂಬಳಿ ಸರಿಸಿ ಒಳಗೆ ನಿಂತಳು.

ಸಮದ ಸುರುಳಿಯನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಧೂಳು, ಕುರಿ. ಪಟ್ಟಿಯ ಮೇಲೆ ಗೇಣು ದೂರ ಇದ್ದ ಮನುಷ್ಯ ಮತ್ತು ದನಿ ಧೋತರದ ಮೇಲೆ ಒಂದಾದರು.

“ಏ ಮಲಕೀ, ಹೊಳ್ಳ. ಈ ಕಡೆ ಹೊಳ್ಳ ಅಂದ್ನಿ. ಎಷ್ಟ ಸಲ ಹೇಳಲೇ ನಿನಗ.”

ಪಡಸಾಲೆ ಗೊಳ್ಳೆಂದು ನಕ್ಕಿತು. “ಸಿನಿಮಾದಾಗೂ ಹೆಂಡ್ತಿಗೆ ಬೈದಾನ,” ಎಂದಳು ಹುಚ್ಚವ್ವ.

“ನನಗಲ್ಲ,” ಎಂದಳು ಮಲಕವ್ವ. “ಆ ಕರೀ ಕುರಿಗೆ. ಹೇಳಿದ ಮಾತು ಕೇಳೂದಿಲ್ಲಂತ ಅದಕ್ಕ ನನ್ನ ಹೆಸರು ಇಟ್ಟಿದ್ದ. ಟಾಕೀಸಿನಾಗ ಮೊದಲನೇ ಸಲ ನೋಡಿದಾಗ ನಾಚಿ ಕಂಬಳ್ಯಾಗ ತಲಿ ಹಾಕಿ ಕೂತಿದ್ದ.” ಧೋತರದ ಕಡೆ ತಿರುಗಿ, “ಇನ್ನೊಮ್ಮಿ ಬಿಡ್ರಿ,” ಎಂದಳು.

ಸಮದ ಬಿಟ್ಟ. ಅಮೋಘಿ ಬಂದ, ಕರೆದ, ಹೋದ. ಈ ಸಲ ಯಾರೂ ನಗಲಿಲ್ಲ.

“ಹಿಂಗ ಎಷ್ಟ ಸಲ ಬಿಡಬಹುದು?” ಎಂದು ಕೇಳಿದಳು ಮಲಕವ್ವ.

ಎಷ್ಟು ಸಲ ಬೇಕಾದರೂ ಎನ್ನಲು ಸಮದ ಬಾಯಿ ತೆರೆದಿದ್ದ. ಬೋರ್ಡು ನೆನಪಾಯಿತು. “ಬಿಟ್ಟಂಗ ಸವೀತೈತವ್ವಾ,” ಎಂದ. “ಪ್ರತಿ ಸಲ ಒಂದು ಗೀರು ಬೀಳತೈತಿ. ದನಿಗೂ ಬೀಳತೈತಿ.”

ಮಲಕವ್ವ ಖಾಲಿ ಧೋತರವನ್ನು ನೋಡುತ್ತ ಕೂತಳು.

“ಹಂಗಾರ ಸಾಕು,” ಎಂದಳು. “ತಗದ ಇಡ್ರಿ. ಬರೂ ವರ್ಷ ಇದ ಹೊತ್ತಿಗೆ ಬರ್ರಿ. ನಡುವ ಯಾರರ ಕೇಳಿದ್ರ ತೋರಸ್ರಿ, ಬ್ಯಾಡ ಅನ್ನೂದಿಲ್ಲ. ಕೊಯ್ಯಬ್ಯಾಡ್ರಿ.”

ಅವಳು ಎದ್ದು ಕಂಬಳಿ ಸರಿಸಿ ಬಿಸಿಲಿಗೆ ಹೋದಳು. ಉಳಿದವರು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೂ ನೋಡಿದರು. ಆಜೂಬಾಜೂ ಖಾಲಿ ಇದೆ ಎಂದು ಮತ್ತೆ ಯಾರೂ ಅನ್ನಲಿಲ್ಲ. ಆ ದಿನ ತಿಕೋಟಾದಲ್ಲಿ ಹಿಟ್ಟು ಸಂಜೆಯ ಮೇಲೆ ಸಿಕ್ಕಿತು.

ಮರುದಿನ ಸಮದ ಬಾಗಿಲಲ್ಲಿ ಕೂತು ಬೋರ್ಡಿನ ಬಣ್ಣ ಕೆರೆಯುತ್ತಿದ್ದ. ತಿಪ್ಪವ್ವ ಮಜ್ಜಿಗೆಯ ತಂಬಿಗೆ ಹಿಡಿದು ಬಂದಳು. ಅವನು ಎರಡು ಸಲ ನೆಟ್ಟಗೆ ಎದ್ದು ಕೂತದ್ದನ್ನು ಗಮನಿಸಿದಳು.

“ಆರಾಮ ಕಾಣತಿ. ತಿಕೋಟಾದಾಗ ಕೊಯ್ಸಿಕೊಂಡು ಬಂದ್ಯೇನಪಾ?”

“ಇಲ್ಲವ್ವಾ,” ಎಂದ ಸಮದ. “ಹನ್ನೆರಡು ವರ್ಷದ ಹಿಂದ ಕೊಯ್ದಿದ್ದನ್ನ ತಿರುಗಿ ಹಚ್ಚಿದೆ. ಈಗ ಪೂರಾ ಐತಿ.”

ತಿಪ್ಪವ್ವ ತಂಬಿಗೆಯನ್ನು ಅವನ ಪಕ್ಕದಲ್ಲಿ ಇಟ್ಟಳು. ಮತ್ತೆ ಮನೆಗೆ ಹೋಗಿ, ಎರಡನೆಯ ತಂಬಿಗೆಯನ್ನೂ ತಂದಳು.